ತೋಟದ ಕೋವಿಗೆ ವರ್ಷವಿಡೀ ಅಭ್ಯಾಸ: ಎಲ್ಲಿಂದ ಶುರು, ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಸೀಮೆಯಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಪರವಾನಗಿ ಕೋವಿ ಅನೇಕ ಮನೆಗಳಲ್ಲಿದೆ. ವರ್ಷದ ಬಹುಪಾಲು ದಿನ ಅದು ಕಪಾಟಿನಲ್ಲೇ ಇರುತ್ತದೆ. ಮಂಗನ ಹಿಂಡು ತೋಟಕ್ಕೆ ಬಿದ್ದ ದಿನ ಅಥವಾ ಹಂದಿ ಗದ್ದೆಗಿಳಿದ ರಾತ್ರಿ ಗಡಿಬಿಡಿಯಲ್ಲಿ ಹೊರಬರುತ್ತದೆ. ಅವಘಡಗಳು ಹುಟ್ಟುವುದು ಆ ಗಡಿಬಿಡಿಯಲ್ಲೇ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವವರಿಗೆ ಸುರಕ್ಷತಾ ತರಬೇತಿಯನ್ನು ಹೇಳಿವೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಒಮ್ಮೆ ಕಲಿತದ್ದು ಅಭ್ಯಾಸವಿಲ್ಲದೆ ಐದು ವರ್ಷ ಕೈಯಲ್ಲಿ ನಿಲ್ಲುವುದಿಲ್ಲ.

ಮೊದಲು ಖಾಲಿ ಮಾಡುವುದನ್ನು ಕಲಿಯಿರಿ

ಗುರಿ ಹಿಡಿಯುವುದು ಆಮೇಲಿನ ಮಾತು. ಜೋಡುನಳಿಗೆಯಾದರೆ ಬಾಯಿಯನ್ನು ಮಣ್ಣಿನ ದಿಬ್ಬದ ಕಡೆ ತಿರುಗಿಸಿ, ಬೆರಳನ್ನು ಟ್ರಿಗರಿನ ಬಳೆಯ ಹೊರಗಿಡಿ. ಲಿವರ್ ಒತ್ತಿ ಕೋವಿ ಮುರಿಯಿರಿ (ಕೀಲಿನಲ್ಲಿ ಮಡಚಿ ತೆರೆಯಿರಿ), ಎರಡೂ ತೋಟಾ (ಕಾರ್ಟ್ರಿಜ್) ತೆಗೆಯಿರಿ. ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿ. ಬಳಿಕ ಕಿರುಬೆರಳನ್ನು ಎರಡೂ ಕಡೆ ತೂರಿಸಿ ಮುಟ್ಟಿ ನೋಡಿ. ಕತ್ತಲಲ್ಲಿ ಕಣ್ಣಿಗಿಂತ ಬೆರಳನ್ನೇ ನಂಬಬೇಕಾಗುತ್ತದೆ.

ನಳಿಗೆಯೊಳಗೆ ನೋಡುವ ಅಭ್ಯಾಸಕ್ಕೆ ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಕೆಲವು ವಾರ ಗೋಡೆಗೆ ಒರಗಿಸಿಟ್ಟ ಕೋವಿಯ ಬಾಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಒಣಗಿದ ಆ ಮಣ್ಣು ಬಿರಡೆಯಂತೆ ಕೂರುತ್ತದೆ. ಹಾಗೆಯೇ ಹಾರಿಸಿದರೆ ಒತ್ತಡ ಅಲ್ಲೇ ಏರಿ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ, ಎಡಗೈ ಇರುವುದೂ ಅದರ ಹತ್ತಿರವೇ.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಹೀಗೆ ಇಣುಕಿ ನೋಡುವಂತಿಲ್ಲ. ಅದಕ್ಕೆ ಮದ್ದು ಜಡಿಯುವ ಗಜಕಡ್ಡಿಯೇ ಅಳತೆಗೋಲು. ಕೋವಿ ಖಾಲಿ ಇದ್ದಾಗ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗೆರೆ ಕೊರೆಯಿರಿ. ಸರಿಯಾಗಿ ಈಡು (ಮದ್ದು ಮತ್ತು ಚರೆ, ಅಂದರೆ ಸಣ್ಣ ಗುಂಡು) ತುಂಬಿದಾಗ ಗಜ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೆ ಎರಡನೇ ಗೆರೆ. ಕೈಗೆತ್ತಿಕೊಂಡಾಗಲೆಲ್ಲ ಗಜ ಇಳಿಸಿ ನೋಡಿ. ಹಳೆಯ ಈಡು ಒಳಗಿರುವುದು ಮರೆತು ಅದರ ಮೇಲೆ ಇನ್ನೊಂದು ತುಂಬುವುದು ಈ ಕೋವಿಯ ದೊಡ್ಡ ಅಪಾಯ. ಎರಡು ಗೆರೆ ಅದನ್ನು ತಪ್ಪಿಸುತ್ತವೆ.

ತೋಟಾ ನೋಡಿಕೊಳ್ಳಿ

ಹಳೆಯ 12 ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಕೋವಿಗಳಲ್ಲಿ 65 ಮಿ.ಮೀ. ತೋಟಾಕ್ಕೆ ಮಾಡಿದವು ಬಹಳ. 70 ಮಿ.ಮೀ. ತೋಟಾವೂ ಅದರಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕೊಳವೆಯದು. ಆದರೆ ಹಾರಿಸಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಚರೆ ಇಕ್ಕಟ್ಟಿನಲ್ಲಿ ಹೊರಡುತ್ತದೆ, ಒತ್ತಡ ಮಿತಿ ಮೀರುತ್ತದೆ. ಕೋವಿಯ ಮೇಲೆ ಕೊರೆದ ಅಳತೆ ಓದಿ. ಅಳಿಸಿಹೋಗಿದ್ದರೆ ಪರವಾನಗಿ ಇರುವ ಬಂದೂಕು ರಿಪೇರಿಯವರಲ್ಲಿ ಅಳೆಯಿಸಿ. 20 ಬೋರ್ ತೋಟಾ ಮನೆಯಲ್ಲಿದ್ದರೆ 12 ಬೋರಿನ ಜೊತೆ ಒಂದೇ ಚೀಲದಲ್ಲಿ ಬೇಡ. ಅದು ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯೆಂದು ಹಿಂದಿನಿಂದ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ.

ವಾರಕ್ಕೆ 15 ನಿಮಿಷ, ಖಾಲಿ ಕೋವಿಯಲ್ಲಿ

ಎಲ್ಲ ತೋಟಾಗಳನ್ನೂ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಆಚೆ ಬದಿ ಯಾರೂ ಓಡಾಡದ ಚಿರೆಕಲ್ಲಿನ ಗೋಡೆಯ ಕಡೆ ನಿಲ್ಲಿ. ಎಡಗಾಲು ಅರ್ಧ ಹೆಜ್ಜೆ ಮುಂದೆ, ಭಾರ ಮುಂದಿನ ಕಾಲಿನ ಮೇಲೆ. ಕೋವಿಯನ್ನು ಮೊದಲು ಕೆನ್ನೆಗೆ ತನ್ನಿ, ಆಮೇಲೆ ಹೆಗಲಿನ ಗುಳಿಗೆ ಒತ್ತಿಕೊಳ್ಳಿ. ಕೆನ್ನೆ ಮೇಲೆದ್ದರೆ ಈಡು ಮೇಲೆ ಹೋಗುತ್ತದೆ. ಹೆಗಲಿಗೆ ಸರಿಯಾಗಿ ಕೂರದಿದ್ದರೆ ಒದೆತಕ್ಕೆ ತೋಳು ಕಂದುತ್ತದೆ. ಸೇಫ್ಟಿ ಸರಿಸುವುದು ಕೋವಿ ಹೆಗಲಿಗೆ ಕೂತ ಮೇಲೆ. ಈ ಕ್ರಮವನ್ನೇ ನಿಧಾನಕ್ಕೆ ಇಪ್ಪತ್ತು ಸಲ ಮಾಡಿ. ಟ್ರಿಗರ್ ಎಳೆದು ಅಭ್ಯಾಸ ಮಾಡಬೇಕಾದರೆ ಸ್ಪ್ರಿಂಗ್ ಇರುವ ಡಮ್ಮಿ ತೋಟಾ ಹಾಕಿ, ಇಲ್ಲದಿದ್ದರೆ ಹಳೆಯ ಕೋವಿಯ ಸೂಜಿ (ಫೈರಿಂಗ್ ಪಿನ್) ಮುರಿಯಬಹುದು.

ಇದರ ಜೊತೆಗೆ ಬೇಲಿಯ ದಣಪೆ, ಉಣುಗೋಲು, ಹಳ್ಳದ ಸಂಕ (ಕಾಲುಸೇತುವೆ) ದಾಟುವುದನ್ನೂ ರೂಢಿ ಮಾಡಿ. ಕೋವಿ ಮುರಿದು ತೋಟಾ ತೆಗೆದು ಕಿಸೆಗೆ ಹಾಕಬೇಕು. ಇಬ್ಬರಿದ್ದರೆ ಒಬ್ಬರು ದಾಟುವಾಗ ಇನ್ನೊಬ್ಬರು ಹಿಡಿದಿರಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಡಿಕೆ ದಬ್ಬೆಯ ಸಂಕದ ಮೇಲೆ ತುಂಬಿದ ಕೋವಿ ಹೊತ್ತು ಹೋಗುವುದು ಎಂಥ ಅನುಭವಿಗೂ ಸಲ್ಲದು.

ನಿಜವಾದ ತೋಟಾ ಹಾರಿಸಲು

ತೋಟದ ಮೂಲೆಯಲ್ಲಿ ಡಬ್ಬಿ ಕಟ್ಟಿ ಹೊಡೆಯುವುದು ಬೇಡ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಬಗ್ಗೆ ಠಾಣೆಯಲ್ಲಿ ವಿಚಾರಿಸಿ, ಇಲ್ಲವೇ ಪರವಾನಗಿ ಇರುವ ಶೂಟಿಂಗ್ ರೇಂಜಿಗೆ ಹೋಗಿ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇರಲಿ. 12 ಬೋರಿನ ಸದ್ದು 140 ಡೆಸಿಬಲ್ ಮೀರುತ್ತದೆ, ಶ್ರವಣಶಕ್ತಿ ಒಮ್ಮೆ ಹೋದರೆ ಮರಳದು.

ಅಲ್ಲಿ ಮಾಡಲೇಬೇಕಾದ ಕೆಲಸ ಎರಡು. ಒಂದು, 36 ಮೀಟರ್ ದೂರದ ದೊಡ್ಡ ಕಾಗದಕ್ಕೆ ಹೊಡೆದು, ಚರೆ ಒತ್ತಾಗಿ ಬಿದ್ದ ಕಡೆ 75 ಸೆಂ.ಮೀ. ಅಗಲದ ವೃತ್ತ ಎಳೆದು ಎಣಿಸುವುದು. ಪ್ರತಿ ನಳಿಗೆ ಬೇರೆ, ಚೋಕ್ (ನಳಿಗೆಯ ಬಾಯಿಯ ಬಿಗಿತ) ಬೇರೆ. ನಿಮ್ಮ ಕೋವಿ ಎಷ್ಟು ಹರಡುತ್ತದೆ ಎಂಬುದು ಆ ಕಾಗದದಲ್ಲೇ ಕಾಣುತ್ತದೆ. ಇನ್ನೊಂದು, ಡಮ್ಮಿಯನ್ನೂ ನಿಜ ತೋಟಾವನ್ನೂ ತರಬೇತುದಾರರಿಂದ ಬೆರೆಸಿ ಹಾಕಿಸಿಕೊಳ್ಳುವುದು. ಡಮ್ಮಿ ಬಂದಾಗ ನಳಿಗೆ ಕೆಳಗೆ ಜಗ್ಗಿದರೆ ನೀವು ಸದ್ದಿಗೆ ಮೊದಲೇ ಬೆಚ್ಚುತ್ತಿದ್ದೀರಿ ಎಂದರ್ಥ. ಗುರಿ ತಪ್ಪಲು ಇದೊಂದೇ ಸಾಕು.

ತೋಟಾ ಹಾರದಿದ್ದರೆ ತಕ್ಷಣ ಕೋವಿ ಮುರಿಯಬೇಡಿ. ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಕೇಪಿನ ಕೋವಿಗೆ ಇನ್ನೂ ಹೆಚ್ಚು. ಸದ್ದು ‘ಪುಸ್’ ಎಂದಷ್ಟೇ ಬಂದರೆ ಮದ್ದು-ಚರೆಯ ನಡುವಿನ ಬಿರಡೆ ನಳಿಗೆಯಲ್ಲೇ ಉಳಿದಿರಬಹುದು. ಖಾಲಿ ಮಾಡಿ, ಗಜ ತೂರಿಸಿ ನೋಡಿದ ಮೇಲೆಯೇ ಮುಂದಿನದು.

ಈಡು ಎಲ್ಲಿಗೆ ಹೋಗುತ್ತದೆ?

6ನೇ ನಂಬರಿನ ಸಣ್ಣ ಚರೆಯೇ 200 ಮೀಟರ್ ದಾಟುತ್ತದೆ. ದಪ್ಪನೆಯ ಎಲ್‌ಜಿ ಚರೆ ಸುಮಾರು 700 ಮೀಟರ್ ಹೋಗಬಲ್ಲದು. ನಮ್ಮಲ್ಲಿ ಅಷ್ಟು ದೂರದೊಳಗೆ ಇನ್ನೊಂದು ಮನೆ, ಬೆಟ್ಟದಲ್ಲಿ ಸೊಪ್ಪು ಕೊಯ್ಯುವವರು, ಔಷಧಿ ಹೊಡೆಯಲು ಮರ ಹತ್ತಿದ ಕೊನೆಗೌಡರು ಇದ್ದೇ ಇರುತ್ತಾರೆ. ಹಿಂದೆ ಮಣ್ಣಿನ ಧರೆ ಕಾಣದಿದ್ದರೆ ಹೊಡೆಯಬಾರದು. ರಾತ್ರಿ ಬರೀ ಸರಪರ ಸದ್ದಿಗೆ, ಹೊಳೆದ ಕಣ್ಣಿಗೆ ಹೊಡೆಯಲೇಬಾರದು. ಬೇಲಿಗೆ ಕಟ್ಟುಕೋವಿ (ತಂತಿ ತಾಗಿದರೆ ತಾನೇ ಹಾರುವ ಕೋವಿ) ಇಡುವುದು ಅಪರಾಧ, ಅದು ಮನುಷ್ಯರನ್ನೇ ಬಲಿ ತೆಗೆದುಕೊಳ್ಳುತ್ತದೆ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ; 1972ರ ವನ್ಯಜೀವಿ ಕಾಯ್ದೆ ಅದರ ಮೇಲಿದೆ. ಜೀವಕ್ಕೆ ಅಪಾಯವಾಗುವಂತೆ ಬೇಜವಾಬ್ದಾರಿಯಿಂದ ಅಥವಾ ಸಂಭ್ರಮಕ್ಕಾಗಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು.

ಮಳೆ, ಉಪ್ಪುಗಾಳಿ

ಕಾರವಾರ, ಅಂಕೋಲಾ, ಕುಮಟಾದ ಗಾಳಿಯಲ್ಲಿ ಉಪ್ಪಿದೆ. ಘಟ್ಟದ ಮೇಲೆ ಮಳೆಗಾಲದ ತೇವ. ಹಾರಿಸಿದ ದಿನವೇ ಹಿತ್ತಾಳೆ ಬ್ರಷ್ ಆಡಿಸಿ, ಬಟ್ಟೆಯಿಂದ ಒರೆಸಿ, ತೆಳುವಾಗಿ ಮಷಿನ್ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಜಿಗುಟುಗಟ್ಟುತ್ತದೆ, ಬೇಡ. ಕೇಪಿನ ಕೋವಿಯ ಮಸಿ ತೇವ ಹೀರುವುದರಿಂದ ಬರೀ ಎಣ್ಣೆ ಸಾಲದು. ಬಿಸಿನೀರು, ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿದ ಮೇಲೆ ಎಣ್ಣೆ. ಚರ್ಮದ ಚೀಲದೊಳಗೆ ಇಟ್ಟರೆ ತೇವ ಅಲ್ಲೇ ಕೂತು ತುಕ್ಕು ಹಿಡಿಯುತ್ತದೆ. ತೋಟಾಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡಬೇಡಿ. ಉಬ್ಬಿದ, ಹಿತ್ತಾಳೆ ಹಸಿರುಗಟ್ಟಿದ ತೋಟಾ ಬಳಸಬೇಡಿ.

ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟ ಕೋವಿ ಮರಳಿ ಬಂದಾಗ ನೇರ ತೋಟಕ್ಕೆ ಒಯ್ಯದೆ ನಳಿಗೆ, ಸೇಫ್ಟಿ, ಕೀಲುಗಳನ್ನು ನೋಡಿ, ಒಮ್ಮೆ ಪೂರ್ತಿ ತೆಗೆದು ಒರೆಸಿ.

ಕಣ್ಣಿನ ಪರೀಕ್ಷೆಯೂ ಅಭ್ಯಾಸದ ಭಾಗ. ಪೊರೆ ಬಂದ ಕಣ್ಣಿಗೆ ಟಾರ್ಚ್ ಬೆಳಕಿನಲ್ಲಿ ಹಂದಿ ಯಾವುದು, ಕಂಬಳಿ ಹೊದ್ದು ಕೂತವರು ಯಾರು ಎಂದು ತಿಳಿಯುವುದಿಲ್ಲ. ಕೈ, ಕಣ್ಣು ಸೋತ ಹಿರಿಯರು ಕೋವಿಯನ್ನು ಮನೆಯ ಇನ್ನೊಬ್ಬರ ಕೈಗೆ ಸುಮ್ಮನೆ ಕೊಡುವಂತಿಲ್ಲ. ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ 25 ವರ್ಷ ಅವರಲ್ಲಿದ್ದರೆ ವಾರಸುದಾರರ ಹೆಸರಿಗೆ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅರ್ಜಿ ಹಾಕುವ ಮೊದಲೇ ಮಗನನ್ನೋ ಮಗಳನ್ನೋ ತರಬೇತಿಗೆ ಕಳುಹಿಸಿ.