ಗೃಹಸಾಲದ ಏಜೆಂಟ್ ಚಾರ್ಜು: ಬಿಡಿಸಿ ಕೇಳಿದ್ದು, ಇಳಿಸಿದ್ದು (ನನ್ನ ಅನುಭವ)

ಬೆಂಗಳೂರಿನಲ್ಲಿ ಒಂದು ರೀಸೇಲ್ ಫ್ಲ್ಯಾಟಿಗೆ 60 ಲಕ್ಷ ಸಾಲ ಬೇಕಿತ್ತು. ಏಜೆಂಟರು ಹೇಳಿದ್ದು ಒಂದೇ ಸಾಲು: "ಲೋನ್ ಖರ್ಚು ಎಲ್ಲಾ ಸೇರಿ 1.40 ಲಕ್ಷ ಇಟ್ಕೊಳ್ಳಿ ಸಾರ್." ಒಟ್ಟು ಮೊತ್ತದ ಮೇಲೆ ಚೌಕಾಸಿಗೆ ಕೂತರೆ ಹತ್ತೋ ಹದಿನೈದೋ ಸಾವಿರ ಬಿಟ್ಟು ದೊಡ್ಡ ಉಪಕಾರ ಮಾಡಿದಂತೆ ಮುಗಿಸುತ್ತಾರೆ. ಅದಕ್ಕೇ ಮೊತ್ತದ ಬಗ್ಗೆ ಮಾತೇ ಆಡದೆ ವಾಟ್ಸ್ಆ್ಯಪ್‌ನಲ್ಲಿ ಮೂರು ಪ್ರಶ್ನೆ ಕಳಿಸಿದೆ: ಇದರಲ್ಲಿ ಯಾವ ದುಡ್ಡು ಯಾರಿಗೆ? ಯಾರ ಹೆಸರಿನ ರಸೀದಿ ಸಿಗುತ್ತದೆ? ಸಾಲ ಆಗದಿದ್ದರೆ ಯಾವುದು ವಾಪಸ್ ಬರುತ್ತದೆ? ಬರಹದಲ್ಲೇ ಕೇಳಬೇಕು. ಫೋನಿನಲ್ಲಿ ಕೇಳಿದರೆ "ಅದೆಲ್ಲಾ ನಾನು ನೋಡ್ಕೋತೀನಿ" ಎಂಬ ಉತ್ತರ ಬರುತ್ತದೆ.

ಬಂದ ಲೆಕ್ಕ ಇದು: ಪ್ರೊಸೆಸಿಂಗ್ ಫೀ 35,400; ಲೀಗಲ್ (ಪತ್ರಗಳ ಪರಿಶೀಲನೆ) ಮತ್ತು ವ್ಯಾಲ್ಯುಯೇಷನ್ (ಮನೆಯ ಬೆಲೆ ಅಂದಾಜು) 12,000; ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತಾ ಓಡಾಟ 15,000; ಫೈಲ್ ಚಾರ್ಜ್ ಸಾಲದ ಶೇ 1, ಅಂದರೆ 60,000; ಇತರೆ 17,600.

ಇದರಲ್ಲಿ ಕಣ್ಣಿಗೆ ಹೊಡೆಯುವುದು ಫೈಲ್ ಚಾರ್ಜ್. ಬ್ಯಾಂಕಿಗೆ ಸಾಲದ ಗಿರಾಕಿಗಳನ್ನು ತರುವ ಡಿಎಸ್ಎ ಏಜೆಂಟರಿಗೆ ಸಾಲ ಬಿಡುಗಡೆಯಾದ ಮೇಲೆ ಬ್ಯಾಂಕೇ ಸಾಲದ ಮೊತ್ತದ ಮೇಲೆ ಕಮಿಷನ್ ಕೊಡುತ್ತದೆ, ಅವರ ಬಾಯಲ್ಲಿ ಅದು 'ಪೇಔಟ್'. ಅದೇ ಕೆಲಸಕ್ಕೆ ನಮ್ಮಿಂದ ಮತ್ತೆ ಶೇ 1 ಕೇಳುವುದೆಂದರೆ ಎರಡೂ ಕಡೆ ಕೈ ಒಡ್ಡಿದಂತೆ. "ನಿಮ್ಮ ಡಿಎಸ್ಎ ಕೋಡ್ ಯಾವ ಬ್ಯಾಂಕಿನದು, ಈ ಫೈಲಿಗೆ ಪೇಔಟ್ ಬರುತ್ತಲ್ವಾ?" ಎಂದು ಕೇಳಿದರೆ ಸಾಕು, ಈ ವ್ಯವಹಾರ ಗೊತ್ತಿರುವ ಗಿರಾಕಿ ಎಂದು ತಿಳಿಯುತ್ತದೆ. ಶೇ 1 ಅಲ್ಲೇ ಬಿತ್ತು.

ಹಾಗಂತ ಏಜೆಂಟರಿಗೆ ಏನೂ ಕೊಡಬಾರದು ಎಂದಲ್ಲ. ಮಾರುವವರ ಹೆಸರಲ್ಲಿ ಹಳೇ ಸಾಲವಿದ್ದರೆ ಅವರ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಲೆಟರ್ (ಸಾಲ ತೀರಿಸಲು ಎಷ್ಟು ಕಟ್ಟಬೇಕೆಂಬ ಪತ್ರ), ಅಲ್ಲಿರುವ ದಾಖಲೆಗಳ ಪಟ್ಟಿ ತರಿಸುವುದು, ಎರಡು ಬ್ಯಾಂಕುಗಳನ್ನು ಒಂದೇ ದಿನ ಕೂಡಿಸುವುದು, ಹಳೆಯ ಕ್ರಯಪತ್ರಗಳ ದೃಢೀಕೃತ ನಕಲು ಎತ್ತಿಸುವುದು ನಿಜವಾದ ಕೆಲಸ. ಸ್ವಂತ ವ್ಯಾಪಾರದವರ ಆದಾಯ ತೋರಿಸುವುದೂ ಅಷ್ಟೇ ತಲೆನೋವು. ಅಂಥ ಕೆಲಸಕ್ಕೆ ಶೇಕಡಾ ಲೆಕ್ಕ ಬೇಡ, ಇಂತಿಷ್ಟು ರೂಪಾಯಿ ಎಂದು ಮಾತಾಡಬೇಕು. ನಮ್ಮಲ್ಲಿ 10,000ಕ್ಕೆ ಒಪ್ಪಂದವಾಯಿತು, ಅದೂ ಸಾಲ ಬಿಡುಗಡೆಯಾದ ಮೇಲೆ. ಮುಂಗಡ ಕೊಟ್ಟರೆ ಫೈಲು ಅಲ್ಲೇ ಮಲಗುತ್ತದೆ.

ಇ-ಖಾತಾ ಮಾರುವವರ ಜವಾಬ್ದಾರಿ, ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ನಾವೇ ತೆಗೆಯಬಹುದು. ಆ 15,000 ಹೋಯಿತು. 'ಇತರೆ'ಗೆ ವಿವರಣೆಯೇ ಬರಲಿಲ್ಲ, ಅದನ್ನೂ ಕೊಡಲಿಲ್ಲ.

ಪ್ರೊಸೆಸಿಂಗ್ ಫೀ ಇಳಿಸುವುದು ಏಜೆಂಟರ ಕೈಲಿಲ್ಲ, ಬ್ಯಾಂಕಿನ ಸೇಲ್ಸ್ ಮ್ಯಾನೇಜರ್ ಅಥವಾ ಬ್ರಾಂಚ್ ಮ್ಯಾನೇಜರ್ ಮಟ್ಟದ ವಿಷಯ. ಶೇ 0.5 ಎಂದರೆ 30,000, ಮೇಲೆ ಶೇ 18 ಜಿಎಸ್‌ಟಿ 5,400. ಇನ್ನೊಂದು ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾತಿ ಪತ್ರ) ಮುಂದಿಟ್ಟು ಕೇಳಿದ್ದಕ್ಕೆ ಅರ್ಧವಾಯಿತು: ಜಿಎಸ್‌ಟಿ ಸೇರಿ 17,700. ಸಂಬಳದ ಖಾತೆ ಅದೇ ಬ್ಯಾಂಕಿನಲ್ಲಿದ್ದರೆ ಅದನ್ನೂ ಹೇಳಿ. ಹೊಸ ಅಪಾರ್ಟ್‌ಮೆಂಟ್ ಕೊಳ್ಳುವವರು ಆ ಪ್ರಾಜೆಕ್ಟ್ ಬ್ಯಾಂಕಿನ ಎಪಿಎಫ್ (ಮೊದಲೇ ಅನುಮೋದಿಸಿದ ಪ್ರಾಜೆಕ್ಟುಗಳ) ಪಟ್ಟಿಯಲ್ಲಿದೆಯೇ ಎಂದು ಮೊದಲು ಕೇಳಬೇಕು. ಇದ್ದರೆ ಇಡೀ ಪ್ರಾಜೆಕ್ಟಿನ ಮೂಲಪತ್ರಗಳನ್ನು ಬ್ಯಾಂಕ್ ಆಗಲೇ ಪರಿಶೀಲಿಸಿರುತ್ತದೆ. ಒಂದೊಂದು ಫ್ಲ್ಯಾಟಿಗೂ ಮತ್ತೆ ಪೂರ್ತಿ ಲೀಗಲ್ ಫೀ ಯಾಕೆ ಎಂದು ಧಾರಾಳವಾಗಿ ಕೇಳಬಹುದು.

ಆದರೆ ಫೀ ಮನ್ನಾ ಮಾಡಿ ಬಡ್ಡಿಯಲ್ಲಿ ಸೇರಿಸುವ ಆಟವೂ ಇದೆ. 60 ಲಕ್ಷಕ್ಕೆ 20 ವರ್ಷ ಅವಧಿಯಲ್ಲಿ ಶೇ 8.40ರ ಬದಲು ಶೇ 8.50 ಆದರೆ ಕಂತು ತಿಂಗಳಿಗೆ ಸುಮಾರು 380 ರೂಪಾಯಿ ಜಾಸ್ತಿ, ಪೂರ್ತಿ ಅವಧಿಗೆ 91,000. ಮನ್ನಾ ಆದ 35,400 ಎಲ್ಲಿ, ಇದೆಲ್ಲಿ! ಅದಕ್ಕೇ ಮೊದಲು ಬಡ್ಡಿ ದರ ಬರಹದಲ್ಲಿ ಖಾತ್ರಿಯಾಗಲಿ, ಆಮೇಲೆ ಫೀ ಮಾತು.

ಇಲ್ಲಿ ದೊಡ್ಡ ಆಸರೆ ಸಾಲದ ಬಡ್ಡಿ, ಶುಲ್ಕ ಎಲ್ಲವನ್ನೂ ಒಂದೇ ಕಡೆ ತೋರಿಸುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಕೆಎಫ್‌ಎಸ್. 2024ರ ಏಪ್ರಿಲ್‌ನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆಯಂತೆ 2024ರ ಅಕ್ಟೋಬರ್ 1ರಿಂದ ಹೊಸ ರೀಟೇಲ್ ಸಾಲಗಳಿಗೆ ಈ ಹಾಳೆ ಕಡ್ಡಾಯ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅಂದರೆ ಕನ್ನಡದಲ್ಲೇ ಕೇಳಬಹುದು. ಇಂಥ ಸಾಲಕ್ಕೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಶುಲ್ಕದ ಕಡೆ ನೋಡಿದರೆ ಎರಡು ಕಾಲಂ ಇರುತ್ತವೆ: ಬ್ಯಾಂಕಿಗೆ ಕೊಡುವುದು ಒಂದು, ಬ್ಯಾಂಕಿನ ಮೂಲಕ ಮೂರನೆಯವರಿಗೆ ಕೊಡುವುದು ಇನ್ನೊಂದು. ಪ್ರೊಸೆಸಿಂಗ್, ಇನ್ಶೂರೆನ್ಸ್, ವ್ಯಾಲ್ಯುಯೇಷನ್ ಒಂದೊಂದು ಸಾಲಿನಲ್ಲಿ ಬರುತ್ತವೆ. ಇದರಲ್ಲಿ ಇಲ್ಲದ ಶುಲ್ಕವನ್ನು ನಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಬ್ಯಾಂಕ್ ವಸೂಲು ಮಾಡುವಂತಿಲ್ಲ. ಲೀಗಲ್, ವ್ಯಾಲ್ಯುಯೇಷನ್ ಆದ ಖರ್ಚಿನಷ್ಟೇ, ರಸೀದಿ ಸಮೇತ. ಬಿಲ್ ಕೇಳಿದ ಮೇಲೆ ನಮ್ಮ 12,000 ಜಿಎಸ್‌ಟಿ ಸೇರಿ 9,440ಕ್ಕೆ ಇಳಿಯಿತು.

ಕೆಎಫ್‌ಎಸ್‌ನ ಇನ್ಶೂರೆನ್ಸ್ ಸಾಲನ್ನು ಎರಡು ಸಲ ಓದಿ. ಸಾಲದ ಜೊತೆ ವಿಮೆ ಕಡ್ಡಾಯ ಎಂದು ಬಾಯಲ್ಲಿ ಹೇಳುತ್ತಾರೆ, ಇಮೇಲ್‌ನಲ್ಲಿ ಬರೆದುಕೊಡಿ ಎಂದರೆ ಕೊಡುವುದಿಲ್ಲ. 1.5 ಲಕ್ಷದ ಪ್ರೀಮಿಯಂ ಸಾಲಕ್ಕೆ ಸೇರಿದರೆ ಶೇ 8.50ಕ್ಕೆ 20 ವರ್ಷದಲ್ಲಿ ಕಟ್ಟುವುದು ಸುಮಾರು 3.12 ಲಕ್ಷ. ವಿಮೆ ಬೇಕೆನಿಸಿದರೆ ಬೇರೆಯಾಗಿ ಟರ್ಮ್ ಪಾಲಿಸಿಯ ದರ ಕೇಳಿ, ಹೋಲಿಸಿ ನೋಡಿ.

ಚೌಕಾಸಿ ನಡೆಯದ ಬಾಬ್ತುಗಳೂ ಇವೆ. ಎಂಒಡಿ (ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟದ್ದಕ್ಕೆ ಮಾಡುವ ಪತ್ರ) ಮೇಲಿನ ಸ್ಟ್ಯಾಂಪ್ ಡ್ಯೂಟಿ ಸರ್ಕಾರದ್ದು, ಚಲನ್ ನೋಡಿ ಅಷ್ಟೇ ಕಟ್ಟಬೇಕು. ಸೆರ್ಸಾಯ್ (ಅಡಮಾನಗಳನ್ನು ದಾಖಲಿಸುವ ಕೇಂದ್ರೀಯ ಸಂಸ್ಥೆ) ನೋಂದಣಿ ಶುಲ್ಕ 5 ಲಕ್ಷ ಮೀರಿದ ಸಾಲಕ್ಕೆ 100 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ. ಅದನ್ನೇ ಸಾವಿರಗಳಲ್ಲಿ ಬರೆದಿದ್ದರೆ ಪ್ರಶ್ನಿಸಿ. ಸಬ್ ರಿಜಿಸ್ಟ್ರಾರ್ 'ಆಫೀಸ್ ಖರ್ಚು' ಎಂಬುದಕ್ಕೆ ಚಲನ್ ಇರುವುದಿಲ್ಲ, ಅರ್ಥ ಮಾಡಿಕೊಳ್ಳಿ.

ಇದೆಲ್ಲಾ ಮಾರುವವರ ಜೊತೆ ಕ್ರಯದ ಕರಾರು ಆಗುವ ಮುಂಚೆ ಕೇಳಿದರೆ ಮಾತ್ರ ನಡೆಯುತ್ತದೆ. ಕರಾರಿನಲ್ಲಿ 60 ದಿನವೋ 90 ದಿನವೋ ಗಡುವು ಬಿದ್ದ ಮೇಲೆ ಏಜೆಂಟರಿಗೆ ನಮ್ಮ ಆತುರ ಗೊತ್ತಿರುತ್ತದೆ. ಒಂದೇ ಸಲ ನಾಲ್ಕೈದು ಬ್ಯಾಂಕಿಗೆ ಫೈಲ್ ಹಾಕಲೂ ಬಿಡಬೇಡಿ. ಪ್ರತಿ ಲಾಗಿನ್ನಿಗೂ, ಅಂದರೆ ಬ್ಯಾಂಕಿನಲ್ಲಿ ಅರ್ಜಿ ದಾಖಲಾದಾಗಲೆಲ್ಲ, ಸಿಬಿಲ್‌ನಲ್ಲಿ ಒಂದು ಎನ್‌ಕ್ವೈರಿ ಬೀಳುತ್ತದೆ, ಕೆಲವು ಕಡೆ ಲಾಗಿನ್ ಫೀ ವಾಪಸ್ ಬರುವುದೂ ಇಲ್ಲ. ದುಡ್ಡು ಹೋಗಬೇಕಾದ್ದು ಬ್ಯಾಂಕಿನ ಖಾತೆಗೆ, ಏಜೆಂಟರ ಸ್ವಂತ ಯುಪಿಐಗೆ ಅಲ್ಲ. ಅರ್ಜಿ ಸಂಖ್ಯೆ ಮತ್ತು ಬ್ಯಾಂಕಿನ ಸೇಲ್ಸ್ ಮ್ಯಾನೇಜರ್ ನಂಬರ್ ಮೊದಲ ದಿನವೇ ಇಸ್ಕೊಳ್ಳಿ. ಫೈಲ್ ಚಾರ್ಜ್ ಕೊಡಲ್ಲ ಎಂದ ಮೇಲೆ ಏಜೆಂಟರು ಫೋನ್ ಎತ್ತದಿದ್ದರೂ ಕೆಲಸ ನಿಲ್ಲುವುದಿಲ್ಲ.

ಕೊನೆಗೆ ಆದ ಖರ್ಚು, ಎಂಒಡಿ ಬಿಟ್ಟು, 37,140. ಸಾಲ ಬಿಡುಗಡೆಯಾದ ವಾರದಲ್ಲೇ ಸ್ಟೇಟ್‌ಮೆಂಟ್ ತೆಗೆದು ಕೆಎಫ್‌ಎಸ್ ಜೊತೆ ಸಾಲುಸಾಲಾಗಿ ಹೋಲಿಸಿ. ಹೆಚ್ಚಿಗೆ ಕಡಿತವಾಗಿದ್ದರೆ ಕೆಎಫ್‌ಎಸ್ ಮೇಲಿನ ಪ್ರಪೋಸಲ್ ಸಂಖ್ಯೆ ಹಾಕಿ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು. ಸಾಲ ಹೌಸಿಂಗ್ ಫೈನಾನ್ಸ್ ಕಂಪನಿಯದಾದರೆ ದೂರು ಹೋಗಬೇಕಾದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ.