ಸಮುದ್ರದಂಡೆಯಲ್ಲಿ ಸಿಕ್ಕ ಸ್ಪ್ಯಾನಿಶ್ ನಾಣ್ಯ: ತಿಕ್ಕುವ ಮೊದಲು ತೂಗಿ

ಕಾರವಾರ, ಗೋಕರ್ಣ, ಗೋವಾ ಕಡೆ ಹೋದಾಗ ಉಸುಕಿನಲ್ಲಿ ಕಪ್ಪುಗಟ್ಟಿದ ನಾಣ್ಯ ಸಿಕ್ಕರೆ, ಹುಬ್ಬಳ್ಳಿಗೆ ಬಂದಕೂಡಲೇ ಹುಣಸೆಹಣ್ಣು ಹಚ್ಚಬೇಡಿ. ನಿಂಬೆರಸ, ಪಾತ್ರೆ ಬೆಳಗುವ ಪುಡಿಯೂ ಬೇಡ. ಸಮುದ್ರದಲ್ಲಿ ಬೆಳ್ಳಿಯ ಮೇಲ್ಪದರ ಕಪ್ಪು ಸಲ್ಫೈಡ್ ಆಗುತ್ತದೆ. ಎಷ್ಟೋ ಸಲ ಅಕ್ಷರ ಉಳಿದಿರುವುದೇ ಆ ಪದರದಲ್ಲಿ. ತಿಕ್ಕಿದರೆ ಇಸವಿಯೂ ಅದರ ಜೊತೆ ಹೋಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ವಾರ ನೆನೆಹಾಕಿ, ದಿನಾ ನೀರು ಬದಲಿಸಿ. ಇದರಿಂದ ಉಪ್ಪು ಬಿಡುತ್ತದೆ.

ಆಮೇಲೆ ಪತ್ತಾರರ ತಕ್ಕಡಿ. ಪಾಲಿಶ್ ಮಾಡಿಕೊಡುತ್ತೇವೆ ಎಂದರೆ ಬೇಡವೆನ್ನಿ, ತೂಕವಷ್ಟೇ ಸಾಕು. ರಿಯಾಲ್ ಎಂದರೆ ಸ್ಪೇನಿನ ಹಳೇ ಬೆಳ್ಳಿ ನಾಣ್ಯದ ಲೆಕ್ಕ. 8 ರಿಯಾಲ್ ನಾಣ್ಯ ಸುಮಾರು 27 ಗ್ರಾಂ; 4 ರಿಯಾಲ್ 13.5, 2 ರಿಯಾಲ್ 6.75, 1 ರಿಯಾಲ್ 3.4. ನಮ್ಮ ರಾಣಿ ಛಾಪಿನ ರೂಪಾಯಿ 11.66 ಗ್ರಾಂ, ಹಾಗಾಗಿ 8 ರಿಯಾಲ್ ಅಂಗೈಗೆ ಎದ್ದು ಕಾಣುವಷ್ಟು ಭಾರ. ಉಪ್ಪುನೀರು ತಿಂದ ನಾಣ್ಯ ಹಗುರಾಗಿರುತ್ತದೆ. ತೂಕ ಕಡಿಮೆ ಎಂದಮಾತ್ರಕ್ಕೆ ಖೋಟಾ ಅಲ್ಲ.

ಅದಕ್ಕೇ ಸಾಂದ್ರತೆ ನೋಡಬೇಕು. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಬರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 27 ಗ್ರಾಮಿಗೆ 2.62 ಬಂದರೆ ಸಾಂದ್ರತೆ 10.3, ಒಳ್ಳೆ ಬೆಳ್ಳಿ. 3.1ರ ಆಸುಪಾಸು ಬಂದರೆ ಹಿತ್ತಾಳೆ ಅಥವಾ ನಿಕ್ಕಲ್ ಬೆರಕೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದರೂ, ತಳಕ್ಕೆ ತಾಗಿದರೂ ಅಂಕಿ ಏರುತ್ತದೆ, ಬೆಳ್ಳಿಯೂ ಖೋಟಾದಂತೆ ಕಾಣುತ್ತದೆ. ಮೂರು ಸಲ ಮಾಡಿ ನೋಡಿ.

ಈಗ ಮೊಬೈಲ್ ಟಾರ್ಚನ್ನು ಮಗ್ಗುಲಿನಿಂದ ಓರೆಯಾಗಿ ಹಿಡಿಯಿರಿ. ನಾಣ್ಯ ಸೊಟ್ಟಪಟ್ಟ, ಅಂಚು ಕತ್ತರಿಸಿದಂತೆ ಇದ್ದು, ಶಿಲುಬೆಯ ನಾಲ್ಕು ಮೂಲೆಯಲ್ಲಿ ಕೋಟೆ, ಸಿಂಹ ಕಂಡರೆ ಅದು ಸುತ್ತಿಗೆಯಿಂದ ಹೊಡೆದ ಹಳೇ ಬಗೆ. ಎರಡು ಕಂಬಗಳ ನಡುವೆ ಒಂದರ ಮೇಲೊಂದು ಬಿದ್ದ ಎರಡು ಭೂಗೋಳ ಇದ್ದರೆ ಯಂತ್ರದಲ್ಲಿ ಅಚ್ಚಾದ ಕಂಬದ ನಾಣ್ಯ; ಮೆಕ್ಸಿಕೊ ಟಂಕಸಾಲೆಯಲ್ಲಿ 1732ರಿಂದ ಬಂತು. ರಾಜನ ಮುಖ ಬಂದದ್ದು 1772ರಿಂದ. ಸ್ಪೇನಿನ ರಾಜ ಕಾರೊಲಸ್ III ಮುಖವಿದ್ದು ಇಸವಿ 1768 ಎಂದಿದ್ದರೆ ಖೋಟಾ, ಬೇರೆ ಪರೀಕ್ಷೆಯೇ ಬೇಡ. ಸುತ್ತಲಿನ ಬರಹದಲ್ಲಿ 'ಹಿಸ್ಪಾನ್ ಎತ್ ಇಂಡ್ ರೆಕ್ಸ್' (HISPAN ET IND REX), ಅಂದರೆ ಸ್ಪೇನ್ ಮತ್ತು ಇಂಡೀಸಿನ ರಾಜ ಎಂದಿರುತ್ತದೆ. ಈ 'ಇಂಡ್' ನಮ್ಮ ಇಂಡಿಯಾ ಅಲ್ಲ, ಸ್ಪೇನಿನ ವಶದಲ್ಲಿದ್ದ ಅಮೆರಿಕದಂಥ ನಾಡುಗಳು. ಮುಖದ ನಾಣ್ಯದ ಹಿಂಬದಿಯಲ್ಲಿ 8R ಎಂಬುದರ ಪಕ್ಕ M ಅಕ್ಷರದ ಮೇಲೆ ಪುಟ್ಟ ಸೊನ್ನೆ ಇದ್ದರೆ ಮೆಕ್ಸಿಕೊ. P, T, S ಹೆಣೆದುಕೊಂಡಿದ್ದರೆ ಪೊಟೊಸಿ, ಈಗಿನ ಬೊಲಿವಿಯಾದ ಟಂಕಸಾಲೆ.

ಅಂಚನ್ನು ಕೊನೆಗೆ ನೋಡುವವರೇ ಹೆಚ್ಚು, ಆದರೆ ಖೋಟಾ ಸಿಕ್ಕಿಬೀಳುವುದು ಅಲ್ಲೇ. ಮುಖದ 8 ರಿಯಾಲಿನ ಅಂಚಿನಲ್ಲಿ ವೃತ್ತ, ಆಯತ ಸರದಿಯಂತೆ ಬರುತ್ತವೆ. ಸುತ್ತಲೂ ಬೆಸುಗೆಯಂಥ ಗೆರೆ ಇದ್ದರೆ ಎರಕದ ನಕಲು. ಮುಖದ ಮೇಲಿನ ಸಣ್ಣ ಚೀನೀ ಮುದ್ರೆಗಳು ದೋಷವಲ್ಲ: ನಮ್ಮ ಸರಾಫರು ರೂಪಾಯಿಗೆ ಗುರುತು ಹೊಡೆಯುತ್ತಿದ್ದಂತೆ ಅಲ್ಲಿನ ವ್ಯಾಪಾರಿಗಳು ಬೆಳ್ಳಿ ಪರೀಕ್ಷಿಸಿ ಒತ್ತಿದವು. ಗೋವಾದ್ದಾದರೆ ಪೋರ್ಚುಗೀಸ್ ನಾಣ್ಯವೂ ಇರಬಹುದು. ಅದರ ಲಾಂಛನದಲ್ಲಿ ಐದು ಪುಟ್ಟ ಗುರಾಣಿಗಳು ಶಿಲುಬೆಯಾಕಾರದಲ್ಲಿರುತ್ತವೆ.

ಎರಡೂ ಬದಿ, ಅಂಚಿನ ಫೋಟೊ, ತೂಕ, ಅಳತೆ ಬರೆದುಕೊಂಡು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ವಿಭಾಗದಲ್ಲಿ ವಿಚಾರಿಸಿ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾವಸ್ತು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ನೆಲದಲ್ಲಿ ಹೂತಿದ್ದು ಸಿಕ್ಕಿದ್ದರೆ, ಸಿಕ್ಕ ಜಿಲ್ಲೆಯ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು.