ಆಯಿಲ್ ಪಂಪ್ ಶಾಫ್ಟ್ ಪದೇ ಪದೇ ಮುರಿಯುತ್ತಿದ್ದರೆ

ಫೋರ್ಡ್ 302 ಎಂಜಿನ್ನಲ್ಲಿ ಡಿಸ್ಟ್ರಿಬ್ಯೂಟರಿನಿಂದ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಆಯಿಲ್ ಪಂಪನ್ನು ತಿರುಗಿಸುವ ಆರು ಮೂಲೆಯ ಶಾಫ್ಟ್ ಎರಡನೇ ಸಲ ಹೋದರೆ, ಹೊಸದು ಹಾಕುವ ಮೊದಲು ಹಳೆಯದನ್ನು ಬೆಳಕಿಗೆ ಹಿಡಿದು ನೋಡಿ. ಹಗ್ಗದ ಹಾಗೆ ಹುರಿಗೊಂಡಿದ್ದರೆ ಪಂಪ್ ಒಳಗೇ ಕಚ್ಚಿಕೊಂಡಿದೆ; ಮೂಲೆ ಮಾತ್ರ ಸವೆದಿದ್ದರೆ ಪಂಪ್, ಡಿಸ್ಟ್ರಿಬ್ಯೂಟರ್ ಒಂದೇ ನೇರಕ್ಕೆ ಕೂತಿರಲಿಕ್ಕಿಲ್ಲ. ಹುರಿಗೊಂಡಿದ್ದರೆ ಪಂಪಿನ ಮುಚ್ಚಳ ಬಿಚ್ಚಲೇಬೇಕು: ವಾಲ್ವ್ ಸೀಲಿನ ಅಕ್ಕಿಕಾಳಿನಷ್ಟು ಗಟ್ಟಿ ಚೂರು ಪಂಪಿನೊಳಗೆ ತಿರುಗುವ ರೋಟರ್‌ಗಳ ನಡುವೆ ಸಿಕ್ಕರೂ ಪಂಪ್ ನಿಂತುಬಿಡುತ್ತದೆ, ಆಗ ಮೊದಲು ಸೋಲುವುದು 1/4 ಇಂಚಿನ ಈ ಶಾಫ್ಟೇ. ಜೋಡಿಸುವಾಗ ಬೋಲ್ಟ್ ಪೂರ್ತಿ ಬಿಗಿದ ಮೇಲೂ ಪಂಪ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಡಿಸ್ಟ್ರಿಬ್ಯೂಟರ್ ಕೂರಿಸಿದಾಗ ಶಾಫ್ಟ್ ಸ್ವಲ್ಪ ಮೇಲೆ ಕೆಳಗೆ ಆಡಬೇಕು. ಈ ಎರಡನ್ನು ದಯವಿಟ್ಟು ಬಿಡಬೇಡಿ. ಹೈ ವಾಲ್ಯೂಮ್ (ಹೆಚ್ಚು ಆಯಿಲ್ ತಳ್ಳುವ) ಪಂಪಿಗೆ ದಪ್ಪ ಆಯಿಲ್ ಹಾಕಿ, ತಣ್ಣಗಿರುವಾಗಲೇ ಎಂಜಿನ್ ರೇಸ್ ಮಾಡುವವರಿಗೆ ಹುರಿಯ ಈ ಗುರುತು ಕೈಕೊಡುತ್ತದೆ. ಅಲ್ಲಿ ಪಂಪ್ ಚೊಕ್ಕವಾಗಿದ್ದರೂ ಶಾಫ್ಟ್ ಹುರಿಗೊಳ್ಳುತ್ತದೆ.